ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮಾರ್ಗ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣವನ್ನು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಜೋಡಿಸುವ ಮಾರ್ಗ. ಭೂಗೋಳದ ಮೇಲ್ಮೈಯಲ್ಲಿ ಅಳೆದರೆ ಅತಿ ಕಡಿಮೆ ದೂರ ಸುಮಾರು 14,000 ಕಿ.ಮೀ. ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಬೋಯಿಂಗ್ 777ರ ಆ ಹಾರಾಟದಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿ ಪೈಲಟ್‌ಗಳೆಲ್ಲರೂ ಮಹಿಳೆಯರು.

ಗೋಡೆಯ ಭೂಪಟ ನೋಡಿದವರಿಗೆ ಧ್ರುವದ ದಾರಿ ಸುತ್ತುಬಳಸಾಗಿ ಕಾಣುತ್ತದೆ, ತಪ್ಪು ಭೂಪಟದ್ದು. ಎರಡೂ ಊರುಗಳ ನಡುವೆ ರೇಖಾಂಶದಲ್ಲಿ ಸುಮಾರು 160 ಡಿಗ್ರಿ ಅಂತರವಿದೆ, ಅಂದರೆ ಬಹುಪಾಲು ಭೂಮಿಯ ಆಚೆ ಬದಿ. ಗೋಳದ ಮೇಲೆ ದಾರ ಎಳೆದು ಹಿಡಿದರೆ ಅದು ತಾನಾಗಿ ಉತ್ತರಕ್ಕೆ ಬಾಗಿ, ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರುತ್ತದೆ. ನೇರ ಧ್ರುವದ ಮೇಲೆಯೇ ಹೋದರೂ ಹೆಚ್ಚುವುದು 400 ಕಿ.ಮೀ.ಗಿಂತ ಕಡಿಮೆ. ಹೀಗಾಗಿ ದಾರಿಯನ್ನು ದಿನದಿನವೂ ತೀರ್ಮಾನಿಸುವುದು ಬರೀ ದೂರವಲ್ಲ, ಗಾಳಿ ಮತ್ತು ತೆರೆದಿರುವ ವಾಯುಪ್ರದೇಶ ಕೂಡ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದರೆ ಇಂಧನವೂ ಹೊತ್ತೂ ಉಳಿಯುತ್ತವೆ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಲೆಕ್ಕಕ್ಕೆ ಹದಿನೈದೂವರೆ ಗಂಟೆ. ಏರಿಳಿತ, ಅಡ್ಡದಾರಿ ಸೇರಿ ವಾಸ್ತವದಲ್ಲಿ 16ರಿಂದ 18 ಗಂಟೆ. ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ ಒಂದು ಗಂಟೆ ಕಡಿಮೆ. ಮಧ್ಯಾಹ್ನ ಬೆಂಗಳೂರು ಬಿಟ್ಟವರು ಅದೇ ದಿನ ಸಂಜೆ ಅಲ್ಲಿ ಇಳಿಯುವ ವಿಚಿತ್ರ ಇದರಿಂದಲೇ.