ಹೆರಿಗೆಯ ಆಸುಪಾಸಿನಲ್ಲಿ ಕಿಡ್ನಿ ಕೈಕೊಟ್ಟರೆ: ತಿಳಿದಿರಬೇಕಾದ ಸಂಗತಿಗಳು

ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಗಲ್ಫ್‌ನಲ್ಲಿರುವ ಗಂಡನಿಗೆ ವಾಟ್ಸ್ಆ್ಯಪ್ ಮೆಸೇಜ್ ಹೋಗಿರುತ್ತದೆ. ಮನೆಯವರು ಮಗುವಿನ ಸುತ್ತ ಸೇರಿರುತ್ತಾರೆ. ಆ ಗಡಿಬಿಡಿಯಲ್ಲಿ ಬಾಣಂತಿ ಬೆಳಗ್ಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಾಳೆ ಎಂದು ಕೇಳುವವರೇ ಇರುವುದಿಲ್ಲ. ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯ ನಂತರ ಕೆಲವೇ ಗಂಟೆ, ಕೆಲವೇ ದಿನಗಳಲ್ಲಿ ಕಿಡ್ನಿಯ ಕೆಲಸ ದಿಢೀರ್ ಕುಸಿಯುವುದನ್ನು ವೈದ್ಯರು 'ಅಕ್ಯೂಟ್ ಕಿಡ್ನಿ ಇಂಜುರಿ' ಎನ್ನುತ್ತಾರೆ. ವರ್ಷಗಟ್ಟಲೆ ಶುಗರ್, ಬಿಪಿಯಿಂದ ಕಿಡ್ನಿ ಸವೆಯುವುದು ಬೇರೆ, ಇದು ಬೇರೆ. ಹೆಚ್ಚಿನ ಮಟ್ಟಿಗೆ ಇದನ್ನು ತಡೆಯಬಹುದು, ಬೇಗ ಗೊತ್ತಾದರೆ ಗುಣಪಡಿಸಲೂಬಹುದು. ಶ್ರೀಮಂತ ದೇಶಗಳಲ್ಲಿ ಅಪರೂಪವಾದ ಈ ಕಾಯಿಲೆ ನಮ್ಮಲ್ಲಿ ಇನ್ನೂ ಪ್ರಾಣ ತೆಗೆಯುತ್ತಿರುವುದು ಅದಕ್ಕೇ ಹೆಚ್ಚು ಸಂಕಟದ ವಿಷಯ.

ಗರ್ಭಿಣಿಯ ಕಿಡ್ನಿ ಮಾಮೂಲಿಗಿಂತ ಹೆಚ್ಚು ದುಡಿಯುತ್ತದೆ. ರಕ್ತ ಸೋಸುವ ವೇಗ ಸುಮಾರು ಶೇ. 50ರಷ್ಟು ಏರುತ್ತದೆ. ಹಾಗಾಗಿ ರಕ್ತದಲ್ಲಿನ ಕ್ರಿಯೇಟಿನಿನ್ ಎಂಬ ಕಸದ ಅಂಶ ಇಳಿಯಬೇಕು. ಗರ್ಭಿಣಿಯರಲ್ಲಿ ಅದು ಸಾಮಾನ್ಯವಾಗಿ 0.4ರಿಂದ 0.8 ಮಿಲಿಗ್ರಾಂ ಒಳಗಿರುತ್ತದೆ. ಎಡವಟ್ಟಾಗುವುದು ಇಲ್ಲೇ. ಲ್ಯಾಬ್ ರಿಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ 'ನಾರ್ಮಲ್' ಅಂಕಿ ಗರ್ಭಿಣಿಯರದ್ದಲ್ಲ, ಎಲ್ಲರಿಗೂ ಹಾಕಿದ್ದು. 1.0 ಬಂದರೆ ರಿಪೋರ್ಟು ನಾರ್ಮಲ್ ಅನ್ನುತ್ತದೆ, ಮನೆಯವರು ನೆಮ್ಮದಿಯಾಗುತ್ತಾರೆ. ನಿಜಕ್ಕೆ ಆಕೆಯ ಕಿಡ್ನಿ ಆಗಲೇ ತೊಂದರೆಯಲ್ಲಿರಬಹುದು. ರಿಪೋರ್ಟನ್ನು ವೈದ್ಯರಿಗೆ ತೋರಿಸುವಾಗ 'ಗರ್ಭಿಣಿಗೆ ಇದು ಸರಿಯಿದೆಯಾ' ಎಂದು ಬಾಯಿಬಿಟ್ಟು ಕೇಳಿದರೆ ತಪ್ಪೇನಿಲ್ಲ.

ಕಾರಣಗಳು ಗರ್ಭದ ತಿಂಗಳನ್ನು ನೋಡಿಕೊಂಡು ಬದಲಾಗುತ್ತವೆ. ಮೊದಲ ತಿಂಗಳುಗಳಲ್ಲಿ ನಿಲ್ಲದ ವಾಂತಿ ದೇಹವನ್ನು ಒಣಗಿಸುತ್ತದೆ. ರಂಜಾನ್ ತಿಂಗಳಲ್ಲಿ ಇದರ ಬಗ್ಗೆ ವಿಶೇಷ ಗಮನ ಬೇಕು. ಗರ್ಭಿಣಿಗೆ ತೊಂದರೆಯಿದ್ದರೆ ಉಪವಾಸ ಮುಂದೂಡುವ ರಿಯಾಯಿತಿ ಇದ್ದೇ ಇದೆ. ವಾಂತಿಯಿಂದ ಬಳಲುತ್ತಿದ್ದರೂ ಹಟ ಹಿಡಿದು ಉಪವಾಸ ಹಿಡಿಯುವವರಿಗೆ ಮನೆಯ ಹಿರಿಯರೇ ತಿಳಿಹೇಳಬೇಕು. ಇದೇ ಅವಧಿಯ ಇನ್ನೊಂದು ಕಾರಣ ಅಸುರಕ್ಷಿತ ಗರ್ಭಪಾತದಿಂದ ತಗಲುವ ಸೋಂಕು. ಒಂದು ಕಾಲದಲ್ಲಿ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕಿಡ್ನಿ ನಿಂತುಹೋಗಿ ದಾಖಲಾಗುತ್ತಿದ್ದ ಹೆಂಗಸರಲ್ಲಿ ದೊಡ್ಡ ಪಾಲು ಇಂಥವರದ್ದೇ. 1971ರ ಕಾಯ್ದೆ ಬಂದು, ಅರ್ಹ ವೈದ್ಯರ ಬಳಿ ಹೋಗುವ ದಾರಿ ತೆರೆದ ಮೇಲೆ ಕ್ರಮೇಣ ಇದು ಇಳಿಯಿತು. ವಾರಾಣಸಿಯ ಬನಾರಸ್ ಹಿಂದೂ ವಿವಿಯ ವೈದ್ಯರ ಲೆಕ್ಕದಲ್ಲಿ, ದಿಢೀರ್ ಕಿಡ್ನಿ ವೈಫಲ್ಯದ ಒಟ್ಟು ರೋಗಿಗಳಲ್ಲಿ ಗರ್ಭಕ್ಕೆ ಸಂಬಂಧಿಸಿದವರ ಪಾಲು 1982-91ರಲ್ಲಿ ಸುಮಾರು ಶೇ. 15 ಇದ್ದದ್ದು ಮುಂದಿನ ದಶಕದಲ್ಲಿ ಶೇ. 10ಕ್ಕೆ ಬಂತು. ಆದರೂ ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತಂದು ನುಂಗುವುದು ನಿಂತಿಲ್ಲ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಮರ್ಯಾದೆಗೆ ಹೆದರಿ ಮನೆಯಲ್ಲೇ ಮಲಗಿಸಬಾರದು.

20 ವಾರ ದಾಟಿದ ಮೇಲೆ ಮುಖ್ಯ ಶತ್ರು ಬಿಪಿ. 140/90 ಅಥವಾ ಅದಕ್ಕಿಂತ ಹೆಚ್ಚು ಬಿಪಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಕಿಡ್ನಿ, ಲಿವರ್, ಪ್ಲೇಟ್‌ಲೆಟ್‌ಗಳಿಗೆ ಏಟು ಬಿದ್ದಿರುವ ಗುರುತು ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಮಾಸು ಸರಿಯಾಗಿ ಬೇರೂರದೆ, ಅದರಿಂದ ಹೊರಡುವ ಅಂಶಗಳು ತಾಯಿಯ ರಕ್ತನಾಳಗಳ ಒಳಪದರವನ್ನೇ ಹಾಳುಮಾಡುತ್ತವೆ. ಕಿಡ್ನಿಯ ಸೋಸುವ ಜರಡಿಗೂ ಅದೇ ಪಾಡು. ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಹತ್ತಿರ ನೋವು, ಮುಖ ಊದುವುದು ಇದರ ಎಚ್ಚರಿಕೆಗಳು. 'ಬಸುರಿಗೆ ಕಾಲಿಗೆ ನೀರು ಇಳಿಯುವುದು ಮಾಮೂಲು' ಎಂಬ ಮಾತು ಅರ್ಧ ಸತ್ಯ. ಕಾಲು ಊದುವುದು ಮಾಮೂಲು ಹೌದು, ಬಿಪಿ ನೋಡಿಸದೆ ಹಾಗೆ ತೀರ್ಮಾನಿಸುವುದು ಮಾಮೂಲಲ್ಲ. ನೀರು ಇಳಿಸುವ ಮಾತ್ರೆಯನ್ನು ಯಾರೋ ಹೇಳಿದರೆಂದು ಕೊಡುವುದಂತೂ ಇನ್ನೂ ಅಪಾಯ.

ಮೂರನೆಯದು ರಕ್ತಸ್ರಾವ. ಹೆರಿಗೆಗೆ ಮುಂಚೆಯೇ ಮಾಸು ಕಳಚಿಕೊಂಡರೆ ಅಥವಾ ಹೆರಿಗೆಯ ನಂತರ ಗರ್ಭಕೋಶ ಬಿಗಿಯದೆ ರಕ್ತ ಹರಿದರೆ ಕಿಡ್ನಿಗೆ ರಕ್ತ ಸಾಲದು. ಮೊದಲೇ ಹಿಮೋಗ್ಲೋಬಿನ್ ಕಡಿಮೆ ಇದ್ದವಳಿಗೆ ಸ್ವಲ್ಪ ನಷ್ಟವೂ ದೊಡ್ಡ ನಷ್ಟ. ಉಳಿತಾಯವಿಲ್ಲದ ಅಂಗಡಿಗೆ ಒಂದು ವಾರದ ಬಂದ್ ಸಾಕಲ್ಲ, ಹಾಗೆ. ಹೊತ್ತು ಮೀರಿದರೆ ಕಿಡ್ನಿಯ ಹೊರಪದರವೇ ಸತ್ತುಹೋಗುತ್ತದೆ. ಅದು ಮತ್ತೆ ಪೂರ್ತಿ ಚಿಗುರುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಕಪ್ಪು ಮಲ ಬರುತ್ತದೆಂದು ಕಿಟಕಿಯಿಂದ ಎಸೆಯುವವರು ಇದನ್ನು ನೆನಪಿಡಬೇಕು.

ಹೆರಿಗೆಯ ನಂತರದ ಸೋಂಕು, ಹಳೆಯವರು ನಂಜು ಎನ್ನುತ್ತಿದ್ದದ್ದು, ನಾಲ್ಕನೆಯ ಕಾರಣ. ಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಟ್ಟೆನೋವು ಇದ್ದರೆ ನಲವತ್ತು ಮುಗಿಯಲಿ ಎಂದು ಕಾಯುವಂತಿಲ್ಲ. ನೋವಿನ ಇಂಜೆಕ್ಷನ್‌ಗಳು, ಕೆಲವು ಆ್ಯಂಟಿಬಯೋಟಿಕ್‌ಗಳು ಕೂಡ ಸೊರಗಿದ ಕಿಡ್ನಿಯನ್ನು ಮತ್ತಷ್ಟು ಕೆಡಿಸುತ್ತವೆ. ಅಪರೂಪಕ್ಕೆ ಸಿಸೇರಿಯನ್ ವೇಳೆ ಮೂತ್ರನಾಳಕ್ಕೆ ಪೆಟ್ಟಾಗುವುದೂ ಉಂಟು.

ಕೆಲವೊಮ್ಮೆ ತಪ್ಪು ತಾಯಿಯದ್ದೂ ಅಲ್ಲ, ಮನೆಯವರದ್ದೂ ಅಲ್ಲ. 2024ರ ನವೆಂಬರ್ 9ರಿಂದ 11ರ ನಡುವೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್‌ಗಳು ನಡೆದವು. ಅವರಲ್ಲಿ ಏಳು ಮಂದಿಗೆ ಕಿಡ್ನಿ ಮತ್ತು ಇತರ ಅಂಗಗಳು ಕೈಕೊಟ್ಟವು, ಐವರು ಬಾಣಂತಿಯರು ತೀರಿಕೊಂಡರು. ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು, ರಾಜ್ಯ ಸರ್ಕಾರ ಅದರ ಬಳಕೆ ತಡೆಹಿಡಿಯಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಡವರ ಹೆರಿಗೆಗೆ ಸರ್ಕಾರಿ ಆಸ್ಪತ್ರೆಯೇ ಗತಿ ಎಂದಿರುವಾಗ ಅಲ್ಲಿನ ಬಾಟಲಿಯ ಗುಣಮಟ್ಟವೂ ಜೀವದ ಪ್ರಶ್ನೆಯೇ.

ಬೇಗ ಗುರುತಿಸಲು ದೊಡ್ಡ ಯಂತ್ರ ಬೇಡ. ಅಳತೆಯ ಚೀಲ, ಒಂದು ಗಡಿಯಾರ, ಬರೆದಿಡುವ ಕೈ ಇದ್ದರೆ ಆಯಿತು. 60 ಕಿಲೋ ತೂಕದವಳಿಗೆ ಗಂಟೆಗೆ ಕನಿಷ್ಠ 30 ಎಂ.ಎಲ್. ಮೂತ್ರ ಬರಬೇಕು. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಜಮಾ-ಖರ್ಚು ಬರೆದಿಟ್ಟರೆ ಅನರ್ಥ ಮೊದಲು ಕಾಣುವುದು ಆ ಚೀಟಿಯಲ್ಲಿ, ಕ್ರಿಯೇಟಿನಿನ್‌ನಲ್ಲಿ ಆಮೇಲೆ. ಕೆಲವು ಮನೆಗಳಲ್ಲಿ ಬಾಣಂತಿಗೆ ಹೊಟ್ಟೆ ಬರುತ್ತದೆಂದು ಕುಡಿಯುವ ನೀರನ್ನೇ ಕಡಿಮೆ ಮಾಡುತ್ತಾರೆ. ಮದ್ದು, ಲೇಹ್ಯ, ಕಾಳುಮೆಣಸಿನ ಸಾರು ಏನೇ ಕೊಡಲಿ, ನೀರು ನಿಲ್ಲಿಸುವ ಪದ್ಧತಿಯನ್ನು ಮಾತ್ರ ಬಿಡುವುದು ಒಳ್ಳೆಯದು. ಹಾಗೆಂದು ಬಿಪಿ ಏರಿ ಮೂತ್ರ ಕಡಿಮೆಯಾದವಳಿಗೆ ಮನೆಯಲ್ಲೇ ಲೀಟರ್‌ಗಟ್ಟಲೆ ಕುಡಿಸುವುದೂ ಸರಿಯಲ್ಲ, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಕೆಯನ್ನು ಆಸ್ಪತ್ರೆಗೇ ಕರೆದೊಯ್ಯಬೇಕು.

ಚಿಕಿತ್ಸೆ ಕಾರಣವನ್ನು ಅನುಸರಿಸುತ್ತದೆ: ರಕ್ತ ಹೋದವಳಿಗೆ ರಕ್ತ, ಸೋಂಕಿಗೆ ಆ್ಯಂಟಿಬಯೋಟಿಕ್, ಪ್ರಿಎಕ್ಲಾಂಪ್ಸಿಯಾ ಇದ್ದರೆ ಬಿಪಿ ಹತೋಟಿ, ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್, ಕೊನೆಗೆ ಹೆರಿಗೆ. ಮೆಗ್ನೀಸಿಯಂ ಹೊರಹೋಗುವುದು ಕಿಡ್ನಿಯ ಮೂಲಕವೇ ಆದ್ದರಿಂದ ಆಗಲೂ ಮೂತ್ರದ ಲೆಕ್ಕ ಬೇಕೇ ಬೇಕು. ಇಷ್ಟರಲ್ಲೂ ಕಿಡ್ನಿ ಏಳದಿದ್ದರೆ ಡಯಾಲಿಸಿಸ್. ಈ ಹೆಸರು ಕೇಳಿದ ಕೂಡಲೇ 'ಒಮ್ಮೆ ಶುರುಮಾಡಿದರೆ ಜೀವಮಾನ ಪೂರ್ತಿ' ಎಂದು ಸಹಿ ಹಾಕಲು ಹಿಂಜರಿಯುವ ಮನೆಯವರಿದ್ದಾರೆ. ಹೆರಿಗೆಯ ಸಂದರ್ಭದ ಈ ಕಾಯಿಲೆಯಲ್ಲಿ ಅದು ಬಹುಪಾಲು ಸುಳ್ಳು. ಡಯಾಲಿಸಿಸ್ ಇಲ್ಲಿ ಕಿಡ್ನಿ ಚೇತರಿಸುವ ತನಕದ ಊರುಗೋಲು. ಕೆಲವು ದಿನ, ಕೆಲವು ವಾರದಲ್ಲಿ ಹೆಚ್ಚಿನವರು ಅದರಿಂದ ಹೊರಬರುತ್ತಾರೆ. ತಡಮಾಡಿದವರಿಗೇ ಅದು ಜೀವಮಾನದ ಗಂಟಾಗುವ ಸಂಭವ ಹೆಚ್ಚು.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯವರಿಗೆ ತಡವೆಂದರೆ ರಸ್ತೆಯದ್ದೂ ಹೌದು. ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ತಲೆಮಾರುಗಳಿಂದ ಮಂಗಳೂರನ್ನೇ ನಂಬಿದವರು. 2020ರ ಲಾಕ್‌ಡೌನ್‌ನಲ್ಲಿ ಗಡಿರಸ್ತೆಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದಾಗ ಹಲವು ರೋಗಿಗಳು ತೀರಿಕೊಂಡ ಸುದ್ದಿ, ಆಂಬುಲೆನ್ಸ್‌ನಲ್ಲೇ ಹೆರಿಗೆಯಾದ ಸುದ್ದಿ ಯಾರೂ ಮರೆತಿಲ್ಲ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರೂ ಅಲ್ಲಿ ರೋಗಿಗಳನ್ನು ಸೇರಿಸಿಕೊಂಡದ್ದು 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ. ಕೇರಳದ ತಾಯಂದಿರ ಮರಣ ಪ್ರಮಾಣ 2018-20ರ ಸಮೀಕ್ಷೆಯಲ್ಲಿ ಲಕ್ಷಕ್ಕೆ 19, ಕರ್ನಾಟಕದ್ದು 69, ದೇಶದ್ದು 97. ರಾಜ್ಯದ ಸರಾಸರಿಯೊಳಗೆ ಅದರ ಗಡಿಯ ಮೂಲೆಯೊಂದರ ಕಷ್ಟ ಕಾಣಿಸುವುದಿಲ್ಲ.

ಹಾಗಾಗಿ ಎಂಟನೇ ತಿಂಗಳಲ್ಲೇ ಕೆಲವು ವಿಷಯ ವಿಚಾರಿಸಿಡಬೇಕು. ಹೆರಿಗೆ ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೋ, ಡಯಾಲಿಸಿಸ್ ಎಲ್ಲಿದೆ, ಮನೆಯವರ ಆರೋಗ್ಯ ಕಾರ್ಡ್ ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೋ, ರಾತ್ರಿ ಗಾಡಿ ಯಾರದ್ದು. ಗಂಡ ಊರಲ್ಲಿಲ್ಲದಿದ್ದರೆ ಸಹಿ ಹಾಕುವವರು ಯಾರು ಎಂಬುದೂ ಮೊದಲೇ ನಿರ್ಧಾರವಾಗಿರಲಿ. ದುಬೈಗೆ ಫೋನ್ ಸಿಗುವ ತನಕ ಕಾದು ಕೂರುವುದು ಆಗದ ಮಾತು. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧ, ರಕ್ತ, ಸಾಗಾಟ ಉಚಿತ. ಹಿಂದೆ ಪ್ರಿಎಕ್ಲಾಂಪ್ಸಿಯಾ ಆಗಿದ್ದವರು 16 ವಾರಕ್ಕೆ ಮುಂಚೆಯೇ ವೈದ್ಯರನ್ನು ಕಂಡರೆ ಸಣ್ಣ ಡೋಸ್ ಆಸ್ಪಿರಿನ್ ಬೇಕೇ ಎಂದು ಅವರು ನೋಡುತ್ತಾರೆ.

ಗುಣವಾಗಿ ಮನೆಗೆ ಬಂದವರು ಡಿಸ್‌ಚಾರ್ಜ್ ಚೀಟಿಯನ್ನು ಜೋಪಾನ ಮಾಡಬೇಕು. ಮೂರು ತಿಂಗಳಿಗೆ ಕ್ರಿಯೇಟಿನಿನ್, ಮೂತ್ರದ ಪ್ರೋಟೀನ್, ಬಿಪಿ ಮತ್ತೆ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ. ಮತ್ತೆ ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲು ಕಿಡ್ನಿ ವೈದ್ಯರ ಹತ್ತಿರ ಮಾತಾಡಿ, ಹಳೆಯ ಚೀಟಿಯನ್ನು ಹೆರಿಗೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ತೋರಿಸಬೇಕು.