ಧರ್ಮ, ದಂಡು ಮತ್ತು ಪಾರ್ಲಿಮೆಂಟು: ಇಂಗ್ಲೆಂಡಿನ ಅಂತರ್ಯುದ್ಧ

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧವನ್ನು ರಾಜ ಒಂದನೆಯ ಚಾರ್ಲ್ಸ್ ಹಾಗೂ ಪಾರ್ಲಿಮೆಂಟಿನ ನಡುವಣ ಅಧಿಕಾರದ ಹೋರಾಟವೆಂದು ಓದುತ್ತೇವೆ. ಅದು ನಿಜ. ಆದರೆ ಜನ ಆಯುಧ ಹಿಡಿದದ್ದು ತೆರಿಗೆಯ ವಿವಾದಕ್ಕಾಗಿ ಮಾತ್ರವಲ್ಲ. ದೇವರನ್ನು ಹೇಗೆ ಆರಾಧಿಸಬೇಕೆಂಬ ಪ್ರಶ್ನೆ ಯುದ್ಧದ ಕಿಡಿ ಹೊತ್ತಿಸಿತು. ಸೈನ್ಯವನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆ ಅದರ ಗತಿಯನ್ನು ನಿರ್ಧರಿಸಿತು.

1625ರಲ್ಲಿ ಪಟ್ಟಕ್ಕೆ ಬಂದ ಚಾರ್ಲ್ಸ್ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದ. ಅವನ ಬೆಂಬಲ ಪಡೆದ ಆರ್ಚ್‌ಬಿಷಪ್ ಲಾಡ್ ಚರ್ಚಿನ ಆರಾಧನೆಯಲ್ಲಿ ವಿಧಿ, ಆಡಂಬರಗಳನ್ನು ಹೆಚ್ಚಿಸಿದ. ಸರಳ ಆರಾಧನೆಯನ್ನು ಬಯಸುತ್ತಿದ್ದ ಪ್ಯೂರಿಟನ್ನರಿಗೆ ಇದು ಕ್ಯಾಥೊಲಿಕ್ ಮತಕ್ಕೆ ಮರಳುವ ದಾರಿಯಾಗಿ ಕಂಡಿತು. 1637ರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕವನ್ನು ಹೇರಿದಾಗ ಎಡಿನ್‌ಬರೋ ನಗರದಲ್ಲಿ ಗಲಭೆಯೆದ್ದಿತು. ಸ್ಕಾಟರೊಡನೆ ಯುದ್ಧ ಮಾಡಲು ಹಣ ಬೇಕಾಗಿ ರಾಜ 1640ರಲ್ಲಿ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ಮರುವರ್ಷ ಐರ್ಲೆಂಡಿನ ಕ್ಯಾಥೊಲಿಕರು ದಂಗೆಯೆದ್ದರು. ಅದನ್ನು ಅಡಗಿಸಲು ಸೈನ್ಯ ಬೇಕೆಂಬುದನ್ನು ಎರಡೂ ಕಡೆಯವರು ಒಪ್ಪಿದರು. ಆ ಸೈನ್ಯ ಯಾರ ಅಧೀನದಲ್ಲಿರಬೇಕೆಂಬುದನ್ನು ಒಪ್ಪಲಿಲ್ಲ. 1642ರ ಆಗಸ್ಟ್ 22ರಂದು ನಾಟಿಂಗ್‌ಹ್ಯಾಮ್‌ನಲ್ಲಿ ರಾಜ ಯುದ್ಧಧ್ವಜವನ್ನೇರಿಸಿದ.

ಮೊದಲ ಎರಡು ವರ್ಷ ಯಾರೂ ನಿರ್ಣಾಯಕವಾಗಿ ಗೆಲ್ಲಲಿಲ್ಲ. ಪಾರ್ಲಿಮೆಂಟಿನ ಪಡೆಗಳು ಆಯಾ ಪ್ರಾಂತಗಳವು. ಸೈನಿಕರು ತಮ್ಮ ಸೀಮೆ ಬಿಟ್ಟು ದೂರ ಹೋಗಲು ಒಪ್ಪುತ್ತಿರಲಿಲ್ಲ. ಸೇನಾಪತಿಗಳಾಗಿದ್ದ ಶ್ರೀಮಂತರಿಗೆ ರಾಜನನ್ನು ಪೂರ್ತಿ ಸೋಲಿಸುವ ಮನಸ್ಸಿರಲಿಲ್ಲ. ತೊಂಬತ್ತೊಂಬತ್ತು ಸಲ ಸೋಲಿಸಿದರೂ ಅವನು ರಾಜನಾಗಿಯೇ ಉಳಿಯುತ್ತಾನೆ ಎಂಬುದು ಅರ್ಲ್ ಆಫ್ ಮ್ಯಾಂಚೆಸ್ಟರನ ವಾದವಾಗಿತ್ತು. ಅವನ ಕೈಕೆಳಗಿನ ಆಲಿವರ್ ಕ್ರಾಮ್ವೆಲ್ ಇದನ್ನು ಬಹಿರಂಗವಾಗಿ ಖಂಡಿಸಿದ.

ಇದರ ಫಲವಾಗಿ 1645ರಲ್ಲಿ ಹುಟ್ಟಿದ್ದೇ ‘ನ್ಯೂ ಮಾಡೆಲ್ ಆರ್ಮಿ’, ಅಂದರೆ ಹೊಸ ಮಾದರಿಯ ಸೈನ್ಯ. ಪಾರ್ಲಿಮೆಂಟಿನ ಸದಸ್ಯರು ಸೇನಾಪದವಿಗಳನ್ನು ತ್ಯಜಿಸಬೇಕೆಂದು ಶಾಸನವಾಯಿತು. ಥಾಮಸ್ ಫೇರ್‌ಫ್ಯಾಕ್ಸ್ ಮಹಾಸೇನಾಪತಿಯಾದ. ಸದಸ್ಯನಾಗಿದ್ದರೂ ಕ್ರಾಮ್ವೆಲ್‌ಗೆ ವಿನಾಯಿತಿ ನೀಡಿ ಅಶ್ವದಳವನ್ನು ಒಪ್ಪಿಸಲಾಯಿತು. ಸೈನ್ಯದ ನಿಗದಿತ ಬಲ 22,000. ಪ್ರಾಂತಗಳಿಂದ ತಿಂಗಳು ತಿಂಗಳಿಗೆ ತೆರಿಗೆ ಎತ್ತಿ ಸಂಬಳ ಕೊಡುವ ಏರ್ಪಾಡಾಯಿತು.

ಈ ಸೈನ್ಯವೆಲ್ಲ ಭಕ್ತರಿಂದಲೇ ತುಂಬಿತ್ತೆಂದು ತಿಳಿಯಬಾರದು. ಕಾಲಾಳುಗಳಲ್ಲಿ ಅನೇಕರು ಬಲವಂತದಿಂದ ಸೇರಿಸಲ್ಪಟ್ಟವರು. ಆದರೆ ಕ್ರಾಮ್ವೆಲ್ ಮೊದಲೇ ಬೆಳೆಸಿದ್ದ ಅಶ್ವದಳದಲ್ಲಿ ಕುಲಕ್ಕಿಂತ ಶ್ರದ್ಧೆ, ಸಾಮರ್ಥ್ಯಗಳಿಗೆ ಬೆಲೆಯಿತ್ತು. ಅದರ ಪರಿಣಾಮ 1645ರ ಜೂನ್ 14ರಂದು ನೇಸ್ಬಿ ಕದನದಲ್ಲಿ ಕಾಣಿಸಿತು. ರಾಜನ ಸೋದರಳಿಯ ರೂಪರ್ಟನ ಕುದುರೆ ಸವಾರರು ಎದುರಾಳಿಗಳನ್ನು ಚದುರಿಸಿ, ಅವರನ್ನಟ್ಟಿಕೊಂಡು ರಣರಂಗದಿಂದಲೇ ದೂರ ಹೋದರು. ಕ್ರಾಮ್ವೆಲ್‌ನ ಸವಾರರೂ ಎದುರಾಳಿಗಳನ್ನು ಚದುರಿಸಿದರು; ಆದರೆ ಆಜ್ಞೆಗೆ ಬದ್ಧರಾಗಿ ಹಿಂತಿರುಗಿ ರಾಜನ ಕಾಲಾಳುಗಳ ಮೇಲೆರಗಿದರು. ಪಾರ್ಲಿಮೆಂಟಿನ ಸೈನ್ಯ ಸಂಖ್ಯೆಯಲ್ಲಿಯೂ ಹೆಚ್ಚಾಗಿತ್ತು. ಶಿಸ್ತು ಆ ಸಂಖ್ಯೆಯನ್ನು ಗೆಲುವಾಗಿಸಿತು.

ಗೆಲುವಿನ ನಂತರ ಹೊಸ ಸಮಸ್ಯೆ ತಲೆದೋರಿತು. ಪಾರ್ಲಿಮೆಂಟಿನಲ್ಲಿ ಪ್ರಬಲರಾಗಿದ್ದ ಪ್ರೆಸ್ಬಿಟೇರಿಯನ್ನರು ದೇಶಕ್ಕೆಲ್ಲ ಒಂದೇ ಚರ್ಚಿನ ಕಟ್ಟಳೆಯನ್ನು ಬಯಸಿದರು. ಸೈನ್ಯದ ಹಲವರು ಪ್ರತಿಯೊಂದು ಭಕ್ತಸಭೆಗೂ ಸ್ವಾತಂತ್ರ್ಯ ಬೇಕೆನ್ನುತ್ತಿದ್ದರು. ಬಾಕಿ ಸಂಬಳವನ್ನು ತೀರಿಸದೆ ಸೈನ್ಯವನ್ನು ವಿಸರ್ಜಿಸಲು ಹೊರಟಾಗ ಸೈನಿಕರು ಸಿಡಿದೆದ್ದು ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. 1647ರಲ್ಲಿ ಪಟ್ನಿಯಲ್ಲಿ ಸೇರಿ, ಬಡವನಿಗೂ ಮತದ ಹಕ್ಕುಂಟೇ ಎಂದು ಚರ್ಚಿಸಿದರು. 1648ರಲ್ಲಿ ಮತ್ತೆ ಯುದ್ಧವಾದಾಗ, ಹರಿದ ರಕ್ತಕ್ಕೆ ರಾಜ ದೇವರ ಮುಂದೆ ಹೊಣೆಗಾರನೆಂಬ ನಂಬಿಕೆ ಸೈನ್ಯದಲ್ಲಿ ಬಲವಾಯಿತು. ಆ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್, ರಾಜನೊಡನೆ ಸಂಧಾನ ಬಯಸಿದ್ದ ಸದಸ್ಯರು ಸಭೆಯೊಳಗೆ ಹೋಗದಂತೆ ತಡೆದ. 1649ರ ಜನವರಿ 30ರಂದು ರಾಜನ ಶಿರಚ್ಛೇದವಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದುದು ಇದು: ರಾಜನನ್ನು ಹದ್ದಿನಲ್ಲಿಡಲು ಪಾರ್ಲಿಮೆಂಟು ಕಟ್ಟಿದ ಸೈನ್ಯವೇ 1653ರಲ್ಲಿ ಪಾರ್ಲಿಮೆಂಟಿನ ಬಾಗಿಲನ್ನು ಮುಚ್ಚಿತು. ಧರ್ಮಶ್ರದ್ಧೆ ಅದಕ್ಕೆ ಶಿಸ್ತನ್ನು ಕೊಟ್ಟಿತು. ತನ್ನ ಇಚ್ಛೆಯೇ ದೇವರ ಇಚ್ಛೆಯೆಂಬ ಧೈರ್ಯವನ್ನೂ ಕೊಟ್ಟಿತು. 1660ರಲ್ಲಿ ಅರಸೊತ್ತಿಗೆ ಮರಳಿತಾದರೂ ಈ ಅನುಭವವನ್ನು ಜನ ಮರೆಯಲಿಲ್ಲ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಸೈನ್ಯವನ್ನಿಡುವಂತಿಲ್ಲವೆಂದು 1689ರ ಹಕ್ಕುಗಳ ಮಸೂದೆ ಸ್ಪಷ್ಟವಾಗಿ ಸಾರಿತು. ಖಡ್ಗ ಯಾರ ಕೈಯಲ್ಲಿರಬೇಕೆಂಬ 1642ರ ಪ್ರಶ್ನೆಗೆ ದೊರೆತ ಉತ್ತರವದು.