ಹಾಜರಿ ಪುಸ್ತಕದ ಪ್ರಭುಗಳು

ನಾನು ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಕಾಲದ ಮಾತು. ಒಂದು ದಿನ ಪಾಠದಲ್ಲಿ ನೋಬಲ್, ಡಿಗ್ನಿಟಿ, ಮೆಜೆಸ್ಟಿ ಎಂಬ ಮೂರು ಪದಗಳು ಒಂದೇ ಪುಟದಲ್ಲಿ ಬಂದುವು. ಮೊದಲನೆಯದಕ್ಕೆ 'ಶ್ರೇಷ್ಠ', ಎರಡನೆಯದಕ್ಕೆ 'ಘನತೆ', ಮೂರನೆಯದಕ್ಕೆ 'ಗಾಂಭೀರ್ಯ' ಎಂದು ಕರಿಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುವುದರಲ್ಲಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಹಾಗಾದರೆ ನಮ್ಮ ಅಜ್ಜ ನೋಬಲ್ಲಾ?" ಎಂದು ಕೇಳಿದ. ತರಗತಿಗೆ ತರಗತಿಯೇ ನಕ್ಕಿತು. ಅವನದು ಗುತ್ತಿನ ಮನೆ. ಚಾವಡಿಯ ಕೆತ್ತನೆಯ ಕಂಬಗಳು ಹಾಗೆಯೇ ಇದ್ದುವು. ಮಾಡಿನ ಹಂಚು ಜಾರಿ ಆಟಿಯ ಮಳೆಗೆ ಆ ಕಂಬಗಳ ಬುಡದಲ್ಲಿಯೇ ನೀರು ನಿಲ್ಲುತ್ತಿತ್ತು. ಊರಿನ ಕೋಲ ನೇಮಗಳಲ್ಲಿ ಮಾತ್ರ ಆ ಅಜ್ಜ ಬಂದು ಕುಳಿತುಕೊಳ್ಳದೆ ಯಾವುದೂ ಆರಂಭವಾಗುತ್ತಿರಲಿಲ್ಲ. ನನಗೆ ಉತ್ತರ ತಿಳಿಯಲಿಲ್ಲ. "ಕುಳಿತುಕೋ" ಎಂದು ಗದರಿಸಿದೆ. ಉತ್ತರ ತಿಳಿಯದ ಮೇಷ್ಟ್ರಿಗೆ ಅದೊಂದು ದಾರಿ ಸದಾ ತೆರೆದೇ ಇರುತ್ತದೆ.

ಆ ಸಂಜೆ ಹಾಜರಿ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡಿದೆ. ಶೆಟ್ಟಿ, ಹೆಗ್ಡೆ, ಬಲ್ಲಾಳ್, ಪ್ರಭು, ನಾಯಕ್, ರೈ. ಶ್ರೇಷ್ಠಿಯೇ ಸವೆದು ಶೆಟ್ಟಿಯಾದದ್ದು. ಶ್ರೇಷ್ಠಿ ಎಂದರೆ ವರ್ತಕ ಸಂಘದ ಮುಖ್ಯಸ್ಥ. ಶಾಸನಗಳ ಪೆರ್ಗಡೆಯೇ ಹೆಗ್ಗಡೆ, ಅಂದರೆ ಹಿರಿಯ ಅಧಿಕಾರಿ. ನಾಯಕನೆಂದರೆ ಮುಂದೆ ನಿಂತು ನಡೆಸುವವನು. ಪ್ರಭು ಎಂದರೆ ಪ್ರಭುವೇ. ಒಂದು ಕೋಣೆಯ ತುಂಬ ಒಡೆಯರನ್ನು ಕೂಡಿಸಿಕೊಂಡು, ಮನೆಪಾಠ ಬರೆದು ತಾರದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೇನಲ್ಲ ಎಂದು ನಗು ಬಂತು. ಪುಸ್ತಕದ ಕೊನೆಯಲ್ಲಿ ಒಂದು ಹೆಸರಿಗೆ ಮಾತ್ರ ಅಂತಹ ಬಾಲವಿರಲಿಲ್ಲ. ಬರಿಯ ಹೆಸರು, ಮುಂದೆ ತಂದೆಯ ಹೆಸರಿನ ಒಂದಕ್ಷರ. ಅಂದು ಅದನ್ನು ಗಮನಿಸಿದರೂ ಅದರ ಬಗೆಗೆ ಯೋಚಿಸಲಿಲ್ಲ.

ಇಂಗ್ಲಿಷಿನ ಆ ಪದಗಳ ಮೂಲವನ್ನು ನೋಡಿದರೆ ವಿಚಿತ್ರವಾದ ಸಂಗತಿಗಳು ಕಾಣುತ್ತವೆ. ನೋಬಲ್ ಎಂಬುದು 'ತಿಳಿ' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ನಮ್ಮ 'ಜ್ಞಾನ'ಕ್ಕೆ ದೂರದ ದಾಯಾದಿ. ಹತ್ತೂರು ತಿಳಿದವನು ನೋಬಲ್, ಅಷ್ಟೆ. ಅವನು ಒಳ್ಳೆಯವನೋ ಅಲ್ಲವೋ ಎಂಬ ಪ್ರಶ್ನೆ ಆ ಪದದೊಳಗಿಲ್ಲ. ಮೆಜೆಸ್ಟಿಯ ಮೂಲಾರ್ಥ 'ಹೆಚ್ಚು ದೊಡ್ಡದಾಗಿರುವಿಕೆ'. ಅದು ಸಂಸ್ಕೃತದ 'ಮಹತ್'ನ ಬಂಧು. ಕನ್ನಡದ 'ಹಿರಿಮೆ' ಹೇಳುವುದೂ ಅದನ್ನೇ. ಲಾರ್ಡ್ ಎಂಬ ಪದವಂತೂ ಹಳೆಯ ಇಂಗ್ಲಿಷಿನಲ್ಲಿ 'ರೊಟ್ಟಿ ಕಾಯುವವನು' ಎಂದಿತ್ತು. ಲೇಡಿ ಹಿಟ್ಟು ನಾದುವವಳು. ಲಾಟ್ ಸಾಹೇಬರು ಅಡಿಗೆಮನೆಯಿಂದ ಎದ್ದು ಬಂದವರೆಂದು ಮಕ್ಕಳಿಗೆ ಹೇಳಿದಾಗ ಅವರಿಗಾದ ಸಂತೋಷವನ್ನು ನಾನು ಮರೆತಿಲ್ಲ. ಇನ್ನು ನಮ್ಮ 'ಗೌರವ'. ಅದು 'ಗುರು' ಎಂಬುದರಿಂದ ಆದ ಪದ. ಗುರು ಎಂದರೆ ಭಾರವಾದದ್ದು. ಇಂಗ್ಲಿಷಿನ ಗ್ರ್ಯಾವಿಟಿಯೂ ಇದೇ ಬೇರಿನಿಂದ ಚಿಗುರಿದ್ದು. 'ಘನತೆ'ಯೂ ಗಟ್ಟಿತನದ, ತೂಕದ ಮಾತು. ಒಟ್ಟಿನಲ್ಲಿ ಒಬ್ಬ ದೊಡ್ಡವನಾಗಬೇಕಾದರೆ ಪಕ್ಕದವನೊಬ್ಬ ಚಿಕ್ಕವನಾಗಿ ನಿಲ್ಲಬೇಕು, ತಕ್ಕಡಿಯ ಒಂದು ತಟ್ಟೆ ಮೇಲೇರಬೇಕು.

ನಮ್ಮ ಸೀಮೆಯ ಚರಿತ್ರೆಯಲ್ಲಿ ಈ ತೂಕದ ಲೆಕ್ಕ ಕಲ್ಲಿನ ಮೇಲೆಯೇ ಉಳಿದಿದೆ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಎದುರಿನ ಗುಡ್ಡದಲ್ಲಿ 1586ರಲ್ಲಿ ಇಮ್ಮಡಿ ಭೈರರಸ ಒಡೆಯನು ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಈ ವಂಶದ ಬಿರುದುಗಳಲ್ಲಿ ಎರಡು ನನಗೆ ಬಹಳ ಪ್ರಿಯ. ಒಂದು 'ಪಟ್ಟಿಪೊಂಬುಚ್ಚಪುರವರಾಧೀಶ್ವರ'. ಘಟ್ಟದ ಮೇಲಿನ ಹುಂಚದ ಒಡೆಯರೆಂದು ಅರ್ಥ. ಪೂರ್ವಿಕರಾದ ಸಾಂತರರ ಊರನ್ನು ಬಿಟ್ಟು ಕಳಸಕ್ಕೂ ಕಾರ್ಕಳಕ್ಕೂ ಬಂದು ತಲೆಮಾರುಗಳೇ ಕಳೆದಿದ್ದರೂ ಆ ಊರಿನ ಒಡೆತನವನ್ನು ಹೆಸರಿನಲ್ಲಿ ಹೊತ್ತುಕೊಂಡೇ ಇದ್ದರು. ಮುಂಬಯಿಯಲ್ಲಿ ಹೋಟೆಲು ನಡೆಸುತ್ತ, ನೋಡದ ಊರಿನ ಹೆಸರನ್ನು ಇನಿಷಿಯಲಿನಲ್ಲಿ ಉಳಿಸಿಕೊಂಡ ನಮ್ಮವರನ್ನು ನೆನೆದರೆ ಇದು ಹೊಸದಲ್ಲ. ಇನ್ನೊಂದು 'ಅರಿರಾಯರ ಗಂಡರ ದಾವಣಿ'. ದಾವಣಿಯೆಂದರೆ ಹಟ್ಟಿಯಲ್ಲಿ ದನಗಳನ್ನು ಸಾಲಾಗಿ ಕಟ್ಟುವ ಹಗ್ಗ. ಶತ್ರುರಾಜರಲ್ಲಿ ಗಂಡುಗಲಿಗಳೆನಿಸಿದವರನ್ನು ಸಾಲುಗಟ್ಟಿ ಕಟ್ಟುವ ಹಗ್ಗ ನಮ್ಮ ಅರಸ! ದಿಗಂಬರನಾಗಿ ನಿಂತ ಗೊಮ್ಮಟನ ಬೆಟ್ಟದ ಊರಿನಲ್ಲಿ ಈ ಬಿರುದು ಮೆರೆದದ್ದನ್ನು ನೆನೆದಾಗಲೆಲ್ಲ, ರಾಜ್ಯವನ್ನೇ ಬಿಟ್ಟವನ ಎದುರಿಗೆ ಹಗ್ಗ ಹಿಡಿದು ನಿಂತವರು ಒಮ್ಮೆಯಾದರೂ ನಾಚಿದ್ದಾರೆಯೇ ಎಂದು ಅನ್ನಿಸುತ್ತದೆ.

ಕಾಪುವಿನಲ್ಲಿಯೂ ಇಂಥದೇ ಒಂದು ಸಾಕ್ಷಿ ಉಂಟು. 1556ರಲ್ಲಿ ಅಲ್ಲಿನ ಒಡೆಯನು ಜೈನ ಗುರು ದೇವಚಂದ್ರದೇವರಿಗೆ ಮಲ್ಲಾರಿನಲ್ಲಿ ಭೂಮಿಯನ್ನು ಬಿಟ್ಟುಕೊಟ್ಟದ್ದನ್ನು ತಾಮ್ರಶಾಸನವೊಂದು ತಿಳಿಸುತ್ತದೆ. ಆ ಒಡೆಯನ ಹೆಸರು ತಿರುಮಲರಸನೆಂಬ ಮದ್ದ ಹೆಗ್ಗಡೆ. ಒಬ್ಬನೇ ಮನುಷ್ಯ ಅರಸನೂ ಹೌದು, ಹೆಗ್ಗಡೆಯೂ ಹೌದು. ಮೇಲೆ ವಿಜಯನಗರ, ನಡುವೆ ಕೆಳದಿ, ಅದರ ಕೆಳಗೆ ಊರಿಗೊಬ್ಬ ಬಲ್ಲಾಳ, ಬೀಡಿಗೊಬ್ಬ ಹೆಗ್ಗಡೆ. ತನ್ನ ಊರಿನಲ್ಲಿ ಅರಸನಾದವನು ಇನ್ನೊಬ್ಬನ ಚಾವಡಿಯಲ್ಲಿ ಅಧಿಕಾರಿಯಷ್ಟೆ.

ಈ ಪದವಿಗಳು ಅಪ್ಪನಿಂದ ಮಗನಿಗೆ ಇಳಿಯುತ್ತಿರಲಿಲ್ಲ. ಅಳಿಯಸಂತಾನದ ಕಟ್ಟಿನಂತೆ ಸೋದರಮಾವನಿಂದ ಸೋದರಳಿಯನಿಗೆ ಬರುತ್ತಿದ್ದುವು. 'ಗಡಿ ಹಿಡಿದ' ದಿನ ಮನೆಯವರಿಟ್ಟ ಹೆಸರು ಹಿಂದೆ ಸರಿದು, ಮನೆತನದ ಬಿರುದೇ ಆತನ ಹೆಸರಾಗುತ್ತಿತ್ತು. ದೈವವೂ ನುಡಿಯಲ್ಲಿ ಆತನನ್ನು ಆ ಬಿರುದಿನಿಂದಲೇ ಕರೆಯುತ್ತದೆ. ಇಂಗ್ಲೆಂಡಿನ ಸಂಗತಿಯೂ ಹೆಚ್ಚು ಬೇರೆಯಾಗಿರಲಿಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಹದಿನೆಂಟನೆಯ ಶತಮಾನದ ಪ್ರಸಿದ್ಧ ನ್ಯಾಯಶಾಸ್ತ್ರಜ್ಞ ಬ್ಲಾಕ್‌ಸ್ಟನ್, ಕೈಯಿಂದ ಮುಟ್ಟಲಾಗದಿದ್ದರೂ ಉತ್ತರಾಧಿಕಾರದಿಂದ ಬರುವ ಆಸ್ತಿಗಳೆಂದು ಹತ್ತನ್ನು ಎಣಿಸುತ್ತಾನೆ. ಚರ್ಚಿನ ದಶಮಾಂಶ ತೆರಿಗೆ, ಇನ್ನೊಬ್ಬರ ಜಾಗದಲ್ಲಿ ನಡೆದು ಹೋಗುವ ದಾರಿಯ ಹಕ್ಕು, ಬಾಡಿಗೆ ಇವುಗಳ ಸಾಲಿನಲ್ಲಿಯೇ ಡಿಗ್ನಿಟಿಯೂ ಒಂದು! ನಾನು 'ಘನತೆ' ಎಂದು ಮಕ್ಕಳಿಗೆ ಬರೆಯಿಸಿದ ಪದ ಅಂದು ಪಿತ್ರಾರ್ಜಿತ ಸೊತ್ತಾಗಿತ್ತು. ಇದ್ದವನಿಗೆ ಇತ್ತು, ಇಲ್ಲದವನಿಗೆ ಇಲ್ಲ.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕನ್ನಡ ಜಿಲ್ಲೆ ಕುಂಪಣಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದ. ಕುಂಪಣಿಗೆ ಬಿರುದುಗಳಲ್ಲಿ ಆಸಕ್ತಿಯಿರಲಿಲ್ಲ, ತೀರ್ವೆಯಲ್ಲಿತ್ತು. ಅರಸ, ಬಲ್ಲಾಳ, ಹೆಗ್ಗಡೆ, ಭಟ್ಟ, ಶೆಟ್ಟಿ ಎಲ್ಲರೂ ಸರಕಾರದ ಲೆಕ್ಕದಲ್ಲಿ ಒಂದೇ ಸಮನಾಗಿ 'ವರ್ಗದಾರ'ರಾದರು. ಅರಸುತನ ಹೋಯಿತು, ಅರಸು ಎಂಬ ಹೆಸರು ಉಳಿಯಿತು. ಉಳಿದ ಹೆಸರುಗಳು ಶಾಲೆಗಳು ಬಂದಾಗ ಹಾಜರಿ ಪುಸ್ತಕವನ್ನು ಸೇರಿದುವು.

ಹಳೆಯ ಬಿರುದುಗಳನ್ನು ಖಾಲಿಮಾಡಿದವರು ಹೊಸವನ್ನೂ ಹಂಚಿದರು. ಉಡುಪಿಯಲ್ಲಿ 1906ರಲ್ಲಿ ಐದು ಸಾವಿರ ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕು ಹುಟ್ಟಿತು. ಮೊದಲ ದಿನದ ಕೊನೆಯಲ್ಲಿ ಅದರ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದ ಆ ಸಂಸ್ಥೆಯ ಸ್ಥಾಪಕರು ಹಾಜಿ ಅಬ್ದುಲ್ಲಾ ಸಾಹೇಬರು. ಅವರಿಗೆ ಬ್ರಿಟಿಷ್ ಸರಕಾರ ಕೊಟ್ಟ ಬಿರುದು 'ಖಾನ್ ಬಹಾದ್ದೂರ್'. ಮುಸಲ್ಮಾನರಿಗೆ ಇದು, ಹಿಂದುಗಳಿಗೆ 'ರಾವ್ ಬಹಾದ್ದೂರ್'. ಬಹಾದ್ದೂರ್ ಎಂಬುದು ಮಂಗೋಲಿಯದ ಕುದುರೆ ಸವಾರರ ಕಡೆಯಿಂದ ಪಾರಸಿಯ ಮೂಲಕ ಹಿಂದುಸ್ಥಾನಕ್ಕೆ ಬಂದ ಪದ. ಲಂಡನ್ನಿನ ದೊರೆ, ಮಂಗೋಲರ ಮಾತಿನಲ್ಲಿ, ಉಡುಪಿಯ ವರ್ತಕರಿಗೆ ಮಾಡಿದ ಸನ್ಮಾನವದು. ಆದರೆ ಉಡುಪಿಯ ಜನ ಅವರನ್ನು ನೆನೆಯುವುದು ಆಸ್ಪತ್ರೆಗೆ ಜಾಗ ಕೊಟ್ಟವರೆಂದು, ದಾನಿಗಳೆಂದು. ಖಾನ್ ಬಹಾದ್ದೂರರೆಂದು ಅಲ್ಲ.

ಮಠದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂಗ್ಲಿಷರು ರಾಜವಂಶದವರನ್ನು 'ಹೈನೆಸ್' ಎಂದು ಎತ್ತರದಿಂದ ಅಳೆದರೆ ನಾವು ಯತಿಗಳನ್ನು 'ಶ್ರೀಪಾದರು' ಎಂದು ಕಾಲಿನಿಂದ ಗುರುತಿಸುತ್ತೇವೆ. ಉಡುಪಿಯಲ್ಲಿ ಆ ಶ್ರೀಪಾದರೂ ಎರಡು ವರ್ಷಕ್ಕೊಮ್ಮೆ ಪರ್ಯಾಯ ಪೀಠದಿಂದ ಇಳಿಯಲೇಬೇಕು. ವಾದಿರಾಜರು ಮಾಡಿದ್ದೆನ್ನುವ ಈ ಏರ್ಪಾಡಿನಲ್ಲಿ ಪೀಠ ನಿಲ್ಲುತ್ತದೆ, ಕುಳಿತವರು ಬದಲಾಗುತ್ತಾರೆ. ನಿವೃತ್ತಿಯ ವಯಸ್ಸನ್ನು ನೆನೆದು ಹೊಟ್ಟೆಗೆ ಸಂಕಟಮಾಡಿಕೊಳ್ಳುವ ನಮ್ಮಂಥವರು ಕಲಿಯಬೇಕಾದದ್ದು ಅಲ್ಲಿ ಬೇಕಾದಷ್ಟಿದೆ.

1948ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಬಂತು. ಅದರ ಮೊದಲ ವಿಧಿಯಲ್ಲಿಯೇ ಡಿಗ್ನಿಟಿ ಹುಟ್ಟಿದ ಪ್ರತಿಯೊಬ್ಬನ ಪಾಲಾಯಿತು. 'ಎಲ್ಲ ಪುರುಷರು' ಎಂದೂ ಓದಬಹುದಾಗಿದ್ದ ಕರಡಿನ ಮಾತನ್ನು 'ಎಲ್ಲ ಮಾನವರು' ಎಂದು ತಿದ್ದಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ. 1950ರ ನಮ್ಮ ಸಂವಿಧಾನವೂ ಪೀಠಿಕೆಯಲ್ಲಿ ವ್ಯಕ್ತಿಗೌರವವನ್ನು ಸಾರಿ, 18ನೆಯ ವಿಧಿಯಲ್ಲಿ ಬಿರುದುಗಳನ್ನು ರದ್ದುಮಾಡಿತು. ಸೈನಿಕ ಮತ್ತು ಶೈಕ್ಷಣಿಕ ಪದವಿಗಳಿಗೆ ಮಾತ್ರ ವಿನಾಯಿತಿ. ಮೂರು ವರ್ಷಗಳ ಬಳಿಕ, 1953ರಲ್ಲಿ, ಟಿ. ಎಂ. ಎ. ಪೈಗಳು ಮಣಿಪಾಲದ ಬೋಳು ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಗಡಿ ಹಿಡಿಯದೆ, ಅಳಿಯನಾಗದೆ ದೊರೆಯುವ ಹೊಸ ಬಿರುದು 'ಡಾಕ್ಟರ್' ನಮ್ಮ ಊರಿನ ಮಕ್ಕಳಿಗೆ ಕೈಗೆಟುಕುವಂತಾಯಿತು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಪಾಠ ಹೇಳುವವನೆಂದು. ಆ ಲೆಕ್ಕದಲ್ಲಿ ನಾವೂ ಡಾಕ್ಟರರೇ, ಫೀಸು ಮಾತ್ರ ಇಲ್ಲ. ಸ್ವತಂತ್ರ ಭಾರತ ಪದ್ಮ ಪ್ರಶಸ್ತಿಗಳನ್ನು ಕೊಡತೊಡಗಿತು. ಕೋಟದ ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದರು. ಘನತೆಯೆಂಬ ಪದವನ್ನು ಮಕ್ಕಳಿಗೆ ವಿವರಿಸಲು ನನಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ದೊರೆತಿಲ್ಲ.

ಮಾತಿನ ಮಟ್ಟದಲ್ಲಿ ನಿಜವಾದ ಅಲುಗಾಟ ತಂದದ್ದು 1974ರ ಭೂಸುಧಾರಣೆ. ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಉಳುತ್ತಿದ್ದ ಗದ್ದೆಗೆ ಒಡೆಯರಾದರು. 'ಧಣಿ' ಎಂಬ ಮಾತು ಹೊಟ್ಟೆಯ ಸಂಬಂಧವನ್ನು ಕಳೆದುಕೊಂಡು ಬರಿಯ ಮರ್ಯಾದೆಯಾಯಿತು. ಮರ್ಯಾದೆ! ಅದರ ಮೊದಲ ಅರ್ಥ ಎಲ್ಲೆ, ಗಡಿಗೆರೆ. ಯಾರು ಅಂಗಳದವರೆಗೆ, ಯಾರು ಜಗಲಿಯವರೆಗೆ, ಯಾರು ದಣಪೆಯ ಆಚೆಗೇ ಎಂಬುದನ್ನು ನಮ್ಮ ಹಿರಿಯರು ಇಂಚುಪಟ್ಟಿ ಇಲ್ಲದೆ ಅಳೆಯಬಲ್ಲವರಾಗಿದ್ದರು. ದಣಪೆಯ ಆಚೆಗಿನವರು ಕೊರಗರು. ಇನ್ನೊಬ್ಬರ ರೋಗ ಅವರಿಗೆ ದಾಟಲೆಂದು ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ಉಣಬಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಡಿಗ್ನಿಟಿ ಎಲ್ಲರದೆಂದು ಸಂವಿಧಾನ ಸಾರಿ ಆಗ ಐವತ್ತು ವರ್ಷಗಳಾಗಿದ್ದುವು.

ಗುತ್ತಿನ ಹುಡುಗನ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಹಾಜರಿ ಪುಸ್ತಕದ ಕೊನೆಯ ಹೆಸರಿನವಳು ಪ್ರಶ್ನೆಯನ್ನೇ ಕೇಳಲಿಲ್ಲ. ಅವಳ ತಂದೆ ಬುಟ್ಟಿ ಹೆಣೆಯುವವರು. ವಿದ್ಯಾರ್ಥಿವೇತನದ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಒಮ್ಮೆ ಶಾಲೆಗೆ ಬಂದರು. ಬಾಗಿಲಿನ ಹೊರಗೆ, ಮೆಟ್ಟಲಿನ ಕೆಳಗೆ ನಿಂತಿದ್ದರು. ತುಳುವಿನಲ್ಲಿ 'ಈ' ಎಂದರೆ ನೀನು, 'ಈರ್' ಎಂದರೆ ನೀವು. 'ಬಲ' ಎಂದರೆ ಬಾ, 'ಬಲೆ' ಎಂದರೆ ಬನ್ನಿ. ನನಗಿಂತ ಹದಿನೈದು ವರ್ಷವಾದರೂ ಹಿರಿಯರಾದ ಅವರಿಗೆ ನಾನು, ಪುಸ್ತಕದಿಂದ ತಲೆಯೆತ್ತದೆ, "ದಾನೆಯಾ, ಬಲ" ಎಂದೆ. ಬಾಯಿಗೆ ಅಭ್ಯಾಸವಾದ ಮಾತು. ಮಗಳು ಪಕ್ಕದಲ್ಲಿಯೇ ಇದ್ದಳು. ಏನೂ ಹೇಳಲಿಲ್ಲ, ನನ್ನನ್ನು ಒಮ್ಮೆ ನೋಡಿದಳು. ಆ ವಾರದ ಕಿರುಪರೀಕ್ಷೆಯಲ್ಲಿ ಡಿಗ್ನಿಟಿಯ ಅರ್ಥ ಬರೆಯಿರಿ ಎಂಬ ಪ್ರಶ್ನೆಗೆ ಅವಳು 'ಘನತೆ' ಎಂದು ದುಂಡಾದ ಅಕ್ಷರದಲ್ಲಿ ಬರೆದಿದ್ದಳು. ಪೂರ್ಣ ಅಂಕ ಕೊಟ್ಟೆ. ಆ ಉತ್ತರಪತ್ರಿಕೆಯನ್ನು ತಿದ್ದುವಾಗ ಕೆಂಪು ಶಾಯಿಯ ಲೇಖನಿ ನನ್ನ ಕೈಯಲ್ಲಿ ಏಕೋ ಸರಿಯಾಗಿ ನಿಲ್ಲಲಿಲ್ಲ.

ಅವರು ಮತ್ತೆ ಬಂದದ್ದು ಆ ವರ್ಷದ ಕೊನೆಯಲ್ಲಿ, ಮಗಳ ವರ್ಗಾವಣೆ ಪತ್ರಕ್ಕಾಗಿ. ನಾನು ಕುರ್ಚಿಯಿಂದ ಎದ್ದು, "ಬಲೆ, ಕುಲ್ಲುಲೆ" ಎಂದೆ. ಅವರು ತಿರುಗಿ ಹಿಂದೆ ನೋಡಿದರು, ತಮ್ಮ ಬೆನ್ನ ಹಿಂದೆ ಯಾರು ಬಂದರೆಂದು.